ತುದಿಯ ಹೊಳಪು

ಪುಕ್ಕಲನ ಕಷ್ಟ ಶುರುವಾದದ್ದು ಒಂದು ಚೂರು ಮರಳು ಕಾಗದದಿಂದ.

ಕಾರ್ಖಾನೆಯಲ್ಲಿ ಅವನದು ತೊಟ್ಟಿಯ ಕೆಲಸ. ಅಲ್ಯೂಮಿನಿಯಂ ತಂತಿಗಳನ್ನು ಆಮ್ಲದ ನೀರಿನಲ್ಲಿ ಇಳಿಬಿಟ್ಟು ಕರೆಂಟು ಹಾಯಿಸಿದರೆ ಮೈಮೇಲೆ ಮಾಸಲು ಬೂದುಬಣ್ಣದ ಆಕ್ಸೈಡ್ ಪೊರೆ ಕಟ್ಟುತ್ತದೆ. ಆಮೇಲೆ ತಂತಿಗೆ ತಂತಿ ತಗುಲಿದರೂ ಕರೆಂಟು ದಾಟುವುದಿಲ್ಲ. ಪೊರೆ ಕಟ್ಟಿದವು ಗೋಡೆಯಾಚೆಯ ಕೋಣೆಗೆ ಹೋಗುತ್ತಿದ್ದವು. ಅಲ್ಲಿ ಏನು ಮಾಡುತ್ತಾರೆಂದು ಪುಕ್ಕಲ ಕೇಳಿದವನಲ್ಲ. ಕೇಳಿದರೆ ಬೈದಾರೆಂಬ ಭಯ. "ಎಲ್ಲಾದ್ರೂ ಹೊಳಪು ಕಂಡ್ರೆ ನಿನ್ನನ್ನೇ ತೊಟ್ಟಿಗೆ ಹಾಕ್ತೀನಿ" ಎಂದು ಮೇಸ್ತ್ರಿ ಮೊದಲ ದಿನ ಹೇಳಿದ್ದಷ್ಟೇ ಅವನ ವಿದ್ಯೆ.

ಆವತ್ತು ಪರೀಕ್ಷಕರು ಬರುವವರಿದ್ದರು. ಮಾದರಿ ತಂತಿಗಳು ಪಾಸಾದರೆ ಕೆಲಸ ಕಾಯಂ. ಇಲ್ಲವಾದರೆ ಬೇರೆ ಮನೆ ನೋಡಿಕೋ ಎಂದು ಅವನನ್ನು ತನ್ನ ಮನೆಯಲ್ಲಿಟ್ಟುಕೊಂಡಿದ್ದ ಭಾವ ಹೇಳಿಯಾಗಿತ್ತು.

ಪುಕ್ಕಲ ಕೈ ತೊಳೆದು ಬರುವಷ್ಟರಲ್ಲಿ ಪ್ಯಾಕಿಂಗ್ ಅಕ್ಕ ಅವನ ತಂತಿಗಳ ಮುಂದೆ ಕೂತಿದ್ದಳು. ಪ್ರತಿ ತಂತಿಯ ಎರಡೂ ತುದಿ ಎಣ್ಣೆ ಹಚ್ಚಿದ ಬೋಳುತಲೆಯಂತೆ ಮಿರುಗುತ್ತಿತ್ತು.

"ಅಕ್ಕಾ, ಏನ್ ಮಾಡಿದ್ರಿ ಇದು!"

"ದೊಡ್ಡೋರು ಬರ್ತಾರಲ್ಲೋ. ಬೂದಿ ಮೆತ್ತಿದ ಹಾಗಿತ್ತು, ತಿಕ್ಕಿದೆ. ಕಾಗದ ಸವೆದುಹೋಯ್ತು, ಇಲ್ದಿದ್ರೆ ಪೂರ್ತಿ ತಿಕ್ತಿದ್ದೆ."

"ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲಕ್ಕಾ!"

"ಹೋಗೋ, ಒಳ್ಳೇದು ಮಾಡಿದ್ರೂ ಬಯ್ಸಿಕೋಬೇಕು."

ಪುಕ್ಕಲ ತಂತಿಗಳನ್ನು ಬಾಚಿಕೊಂಡು ತೊಟ್ಟಿಗೆ ಓಡಿದ. "ಕರೆಂಟು ಜಾಸ್ತಿ ಬಿಡು, ಬೇಗ ಆಗುತ್ತೆ" ಎಂದ ಪಕ್ಕದ ಫಿಟ್ಟರ್. ಬಿಟ್ಟ. ನೀರು ಕುದಿದು ಸಿಡಿದು ಅಂಗಿ ಜರಡಿಯಾಯಿತು. ತಂತಿ ಕಚ್ಚಿದ ಕ್ಲಿಪ್ಪಿನಡಿ ಪೊರೆ ಕಟ್ಟದೆಂದು ಅದರ ಜಾಗ ಬದಲಿಸಿ ಬದಲಿಸಿ ಮುಳುಗಿಸಿದ. ಕೊನೆಗೆ ಎಲ್ಲೂ ಒಂದು ಮಿಂಚಿಲ್ಲ.

ಪರೀಕ್ಷಕರು ಎರಡು ತಂತಿಗಳನ್ನು ಒಂದರ ಮೇಲೊಂದು ಇಟ್ಟು, ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಬಲ್ಬು ಸಿಕ್ಕಿಸಿ ನೋಡಿದರು. ದೀಪ ಹತ್ತಲಿಲ್ಲ. "ಭೇಷ್!" ಎಂದರು. ಪುಕ್ಕಲನಿಗೆ ಹೋದ ಜೀವ ಬಂತು.

ಆಮೇಲೆ ಅದೇ ತಂತಿಯ ಒಂದು ತುದಿಯನ್ನು ಬ್ಯಾಟರಿಗೆ, ಇನ್ನೊಂದನ್ನು ಬಲ್ಬಿಗೆ ಸಿಕ್ಕಿಸಿದರು. ದೀಪ ಈಗಲೂ ಹತ್ತಲಿಲ್ಲ. ಬಲ್ಬು ಬದಲಾಯಿತು, ತಂತಿ ಬದಲಾಯಿತು, ಪರೀಕ್ಷಕರ ಮುಖವೂ ಬದಲಾಯಿತು.

"ಏನಯ್ಯಾ, ತುದಿಗೂ ಪೊರೆ ಕಟ್ಟಿದೀಯ! ಕರೆಂಟು ಒಳಗೆ ಹೋಗೋದು ಎಲ್ಲಿಂದ?"

"ಗೋಡೆಯಾಚೆ ಕೋಣೇಲಿ ತುದಿ ತಿಕ್ಕೋನು ಇವತ್ತು ರಜ ಸಾರ್" ಎಂದ ಮೇಸ್ತ್ರಿ.

"ನಾನು ತಿಕ್ಕಿಟ್ಟಿದ್ದೆ ಸಾರ್, ಎರಡೂ ತುದಿ," ಅಕ್ಕ ಬಾಗಿಲಿನಿಂದ ಗಂಭೀರವಾಗಿ ಹೇಳಿದಳು. "ಇವನೇ ನನ್ನ ಬಯ್ದು ಮತ್ತೆ ಮುಳುಗಿಸಿದ."

ಸಂಜೆ ಭಾವ ಬಾಗಿಲಲ್ಲೇ ಕೇಳಿದ: "ಕಾಯಂ ಆಯ್ತೇನೋ?"

"ಆಯ್ತು ಭಾವ. ಪ್ಯಾಕಿಂಗ್ ಅಕ್ಕನಿಗೆ."

ಭಾವ ಒಳಗೆ ಹೋಗಿ ಅವನ ಟ್ರಂಕು ತಂದು ಹೊಸ್ತಿಲ ಹೊರಗಿಟ್ಟ.