ನಡುಗಡ್ಡೆಗೆ ಹೊರಟ ಬಯಕೆಯ ಬುತ್ತಿ

ನನಗೆ ಮೊಮ್ಮಗ ಹುಟ್ಟಿದ್ದಾನೆ! ಬರೆಯಲು ಕೂತದ್ದು ಬೇರೆ ಸಂಗತಿ. ಆದರೆ ಇದನ್ನು ಮೊದಲು ಹೇಳದಿದ್ದರೆ ಕೈ ಮುಂದಕ್ಕೆ ಹೋಗುತ್ತಿಲ್ಲ. ನಾನು ಕಲಿತದ್ದು ಮೂರನೆಯ ಇಯತ್ತೆ. ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಮೊಮ್ಮಗನಲ್ಲಿ ಮಾತ್ರ ಯಾವ ತಪ್ಪೂ ಇಲ್ಲ. ಎರಡು ಕಿವಿಗಳಿವೆ, ಎರಡೂ ಒಣಗಿವೆ. ಕಿವಿಯ ಮಾತು ನಡುವೆ ಏಕೆ ಬಂತೆಂದರೆ, ಅದೇ ಈ ಕಥೆ.

ಗಜೇಂದ್ರಗಡದಲ್ಲಿ ನನ್ನವು ಎರಡು ಮಗ್ಗ. ಮಗಳು ಶಾಂತವ್ವನನ್ನು ನರಗುಂದದ ಹುಡುಗನಿಗೆ ಕೊಟ್ಟಿದ್ದೆ. ಅವನು ಕಾರವಾರದ ಕಡೆ ಸಮುದ್ರದ ಊರೊಂದರಲ್ಲಿ ಸಾಲಿ ಮಾಸ್ತರ. ಮದುವೆಯಾಗಿ ಎಂಟು ವರುಷಕ್ಕೆ ಮಗಳು ಬಸುರಿಯಾದಳು. ಐದು ತಿಂಗಳಾದಾಗ ಕಾಗದ ಬಂತು. ಅವರ ಮನೆಯ ಮುಂದೆ ಸಮುದ್ರದಲ್ಲಿ ಒಂದು ನಡುಗಡ್ಡೆ ಕಾಣುತ್ತದಂತೆ. ದೋಣಿಯಲ್ಲಿ ಅಲ್ಲಿಗೆ ಹೋಗಿ, ಗುಡಾರ ಹಾಕಿ ಒಂದು ದಿನ ಇದ್ದು, ಅವ್ವನ ಕೈಯ ರೊಟ್ಟಿ ಉಣ್ಣಬೇಕೆಂದು ಬಯಕೆಯಂತೆ.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಇದು ನಮ್ಮಲ್ಲಿ ಎಲ್ಲರೂ ಬಲ್ಲ ಮಾತು. ಎಂಟು ವರುಷ ಕಾದು ಬರುವ ಕೂಸು. ಅದರ ಕಿವಿ ಸೋರಲು ಬಿಡುವುದುಂಟೆ?

ನನ್ನ ಹೆಂಡತಿ ನೀಲವ್ವ ಹಣೆ ಗಟ್ಟಿಸಿಕೊಂಡಳು. "ಮಂದಿ ಮಕ್ಕಳು ಹುಣಸಿಕಾಯಿ ಬೇಡತಾವ. ನಿಮ್ಮ ಮಗಳು ನಡುಗಡ್ಡಿ ಬೇಡ್ಯಾಳ! ಥೇಟ್ ನಿಮ್ಮ ರಕ್ತ ನೋಡ್ರಿ."

"ಎಲ್ಲಾ ಏರ್ಪಾಡು ನನಗ ಬಿಡು. ಸೀರಿ ನೇಯಾಂವಗ ಗುಡಾರ ಯಾವ ಲೆಕ್ಕ?"

"ನೀವು ಸಮುದ್ರ ನೋಡೀರೇನು?"

"ನೋಡಿಲ್ಲ. ಅದಕ್ಕ ಇಷ್ಟ ಧೈರ್ಯ ಐತಿ!"

ಮಗ್ಗದ ಮೇಲೆ ಆಗಲೇ ಸೀರೆಯ ಹಾಸುನೂಲು ಹೂಡಿಯಾಗಿತ್ತು. ಬಿಚ್ಚುವುದೇಕೆಂದು ಅದರಲ್ಲೇ ಗುಡಾರದ ಬಟ್ಟೆ ನೇಯ್ದೆ. ಹೀಗಾಗಿ ನಮ್ಮ ಗುಡಾರಕ್ಕೆ ಕೆಂಪು ದಡಿಯಿತ್ತು, ಸೆರಗೂ ಇತ್ತು. ಹಿತ್ತಲಲ್ಲಿ ಹಾಕಿ ನೋಡುವಾಗ ಓಣಿಯವರೆಲ್ಲ ನೆರೆದರು. "ಕಾಕಾ, ಯಾವ ಆನಿಗೆ ಸೀರಿ ನೇದೀರಿ?" ಎಂದು ಒಬ್ಬ ಕೇಳಿದ. ನಮ್ಮ ಎರೆನೆಲದಲ್ಲಿ ಹೊಡೆದ ಗೂಟ ಕೀಳಲು ಇಬ್ಬರು ಆಳು ಬೇಕಾಯಿತು. ಅದೇ ನನ್ನ ಉತ್ತರವಾಗಿತ್ತು!

ನೀಲವ್ವ ಒಂದು ವಾರ ಒಲೆಯ ಮುಂದೆ ಕೂತು ಕಡಕ್ ರೊಟ್ಟಿ ಸುಟ್ಟಳು, ಶೇಂಗಾ ಹೋಳಿಗೆ ಮಾಡಿದಳು. ದೊಡ್ಡ ಬುಟ್ಟಿ ತುಂಬಿತು. ಇಡೀ ದಿನ ಬಸ್ಸಿನಲ್ಲಿ ಕೂತು, ಘಟ್ಟ ಇಳಿದು, ಸೊಂಟ ಹಿಡಿದುಕೊಂಡು ಮಗಳ ಮನೆ ಸೇರಿದೆವು. ಮರುದಿನ ಮುಂಜಾನೆ ನಾವಿಬ್ಬರು, ಮಗಳು, ಅಳಿಯ, ಗುಡಾರ ಮತ್ತು ಬುಟ್ಟಿ ದೋಣಿ ಹತ್ತಿದೆವು. ಮೋಡ ಕವಿದಿತ್ತು. ನಾನು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತೆ.

ನಡುಗಡ್ಡೆಯಲ್ಲಿ ಇಳಿದು ಗೂಟ ಹೊಡೆದೆ. ಒಣ ಮರಳು! ಹೊಡೆದಂತೆಲ್ಲ ಬಿದ್ದವು. ಐದು ಸಲ ಹೊಡೆದೆ, ಐದು ಸಲವೂ ಗುಡಾರ ನನ್ನ ತಲೆಯ ಮೇಲೇ ಕೂತಿತು. ಆಗ ಕೆಳಗೆ ನೀರಿನ ಅಂಚಿಗೆ ಹಸಿ ಮರಳು ಕಾಣಿಸಿತು. ಹೊಡೆದು ನೋಡಿದೆ. ಮಳೆಯಾದ ಎರೆನೆಲದ ಹಾಗೆ ಗೂಟವನ್ನು ಕಚ್ಚಿ ಹಿಡಿಯಿತು. ಇಂಥ ಜಾಗ ಬಿಟ್ಟು ಈ ಸಮುದ್ರದ ಊರಿನ ಮಂದಿ ಮೇಲೆ ಮೇಲೆ ಏಕೆ ಮನೆ ಕಟ್ಟುತ್ತಾರೋ ಎಂದು ಕನಿಕರಪಟ್ಟೆ.

ದೋಣಿಯವನು ಕೂಗಿದ, "ಅಜ್ಜ, ಅಲ್ಲಿ ಬೇಡ. ನೀರು ಬರ್ತದೆ."

"ನೀರ ಬರತೈತೇನು? ಬರ್ಲಿ ಬಿಡೋ ತಮ್ಮಾ! ಆ ಮಾತ ಕೇಳಾಕ ಮಳಿ ಕಾಣದ ನಮ್ಮ ರೋಣ ತಾಲೂಕ ಬಾಯಿ ತಕ್ಕೊಂಡ ಕುಂತೈತಿ!"

ಅಳಿಯ ಕೆಮ್ಮಿದ. "ಮಾವಾರ, ಸಮುದ್ರದ ನೀರು ದಿನಾ ಎರಡು ಸಲ..."

"ಮಾಸ್ತರ, ಇದು ಸಾಲಿ ಅಲ್ರಿ" ಎಂದೆ. ಒಳ್ಳೆಯ ಹುಡುಗ, ಸುಮ್ಮನಾದ. ಅಷ್ಟು ಒಳ್ಳೆಯವನಾಗಬಾರದಿತ್ತು!

ಬುಟ್ಟಿಯನ್ನು ಗುಡಾರದಲ್ಲಿಟ್ಟು ಎಲ್ಲರೂ ಆಚೆ ಬದಿಯ ಸಿಹಿನೀರಿನ ಬಾವಿಗೆ ಹೋದೆವು. ಮಗಳು ಕೈಕಾಲು ತೊಳೆದಳು. ನೀಲವ್ವ ಅವಳಿಗೆ ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ದೃಷ್ಟಿ ತೆಗೆದಳು. ಇನ್ನು ಉಣ್ಣುವುದಷ್ಟೇ ಬಾಕಿ ಎಂದು ತಿರುಗಿ ಬಂದರೆ, ನಾವು ನಡೆದು ಹೋದ ಮರಳೇ ಇಲ್ಲ. ಗುಡಾರದೊಳಗೆ ಸಮುದ್ರ ಬಂದು ಕೂತಿತ್ತು.

ನೋಡನೋಡುತ್ತ ಗೂಟಗಳು ಸಡಿಲಿದವು. ಗುಡಾರ ಒಮ್ಮೆ ಉಬ್ಬಿ, ಕೆಂಪು ದಡಿ ಹರಡಿಕೊಂಡು, ಸೆರಗು ಬೀಸುತ್ತ ಗಂಡನ ಮನೆಗೆ ಹೊರಟ ಮದುಮಗಳ ಹಾಗೆ ಹೊರಟೇ ಹೋಯಿತು. ಹಿಂದೆಯೇ ರೊಟ್ಟಿಗಳ ದಿಬ್ಬಣ. ಕಡಕ್ ರೊಟ್ಟಿ ತೇಲುತ್ತದೆ, ಹೋಳಿಗೆ ಮುಳುಗುತ್ತದೆ. ಈ ವಿದ್ಯೆ ನನಗೆ ಅಂದು ಲಭಿಸಿತು.

ಮೊಣಕಾಲುದ್ದ ನೀರಿಗೆ ನುಗ್ಗಿ ಒಂದೇ ಒಂದು ರೊಟ್ಟಿ ಹಿಡಿದು ತಂದೆ. ಶಾಂತವ್ವ ಒಂದು ಚೂರು ಬಾಯಿಗಿಟ್ಟಳು. ಬರೀ ಉಪ್ಪು. ನುಂಗಲೂ ಆಗದೆ, ಅಪ್ಪನೆದುರು ಉಗುಳಲೂ ಆಗದೆ ಅವಳ ಕಣ್ಣುಗಳು ತುಂಬಿದವು. ನೀಲವ್ವ ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಂಡೆಯ ಮೇಲೆ ಕೂತಳು. ಬೈದಿದ್ದರೆ ಚಲೋ ಇತ್ತು. ನಾನು ಆಚೆ ಮುಖ ಮಾಡಿ ಅತ್ತೆ. ಮುಖ ಹೇಗೂ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ.

ದೋಣಿಯವನು ತನ್ನ ಮಡಕೆ ತಂದಿಟ್ಟ. "ಗಂಜಿ ಉಂಟು. ಮಗಳು ಹಸಿದುಕೊಂಡು ಇರ್ಬಾರ್ದು."

"ಮೀನ ಮುಟ್ಟಿದ ಗಡಗಿ ಅಲ್ಲಲ್ಲಪಾ?" ಎಂದಳು ನೀಲವ್ವ.

"ಇಲ್ಲಮ್ಮ. ಇದು ಬರೀ ಗಂಜಿದು."

ಕೆಂಪಕ್ಕಿ ಗಂಜಿ, ಒಂದು ಮಾವಿನ ಮಿಡಿ. ಶಾಂತವ್ವ ಒಂದು ಬಟ್ಟಲು ಕುಡಿದಳು. ಎರಡು ಕುಡಿದಳು. ಮೂರನೆಯದಕ್ಕೆ ಕೈಚಾಚಿ, "ಅವ್ವಾ, ಭಾಳ ರುಚಿ ಐತಿ!" ಎಂದಳು. ವಾರವಿಡೀ ರೊಟ್ಟಿ ಸುಟ್ಟ ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ದೋಣಿಯವನ ಪಾಲಿಗೆ ಖಾಲಿ ಮಡಕೆ ಉಳಿಯಿತು. ಗುಡಾರವಿಲ್ಲದ ಮೇಲೆ ಅಲ್ಲಿರುವುದೇನು? ಹೊತ್ತಿರುವಾಗಲೇ ಮರಳಿದೆವು.

"ಬಯಕಿ ಆಗಿದ್ದು ರೊಟ್ಟಿದು. ತೀರಿದ್ದು ಗಂಜಿದು. ಕಿವಿ ಸೋರಿದ್ರ ನೀವ ಒರಸಬೇಕು, ನೋಡ್ರಿ!" ಎಂದು ನೀಲವ್ವ ತೀರ್ಪು ಕೊಟ್ಟಳು. ನಾಲ್ಕು ತಿಂಗಳು ನನಗೆ ಅನ್ನ ರುಚಿಸಲಿಲ್ಲ. ಕೂಸು ಹುಟ್ಟಿದಾಗ ಎಲ್ಲರೂ ಗಂಡೋ ಹೆಣ್ಣೋ ಎಂದು ನೋಡಿದರೆ, ನಾನು ಮೊದಲು ನೋಡಿದ್ದು ಕಿವಿ. ಒಣಗಿದ್ದವು! ಈಗಲೂ ದಿನಕ್ಕೆ ಮೂರು ಸಲ ಇಣುಕಿ ನೋಡುತ್ತೇನೆ.

ಕಿವಿಯೇನೋ ಸೋರುವುದಿಲ್ಲ. ಉಳಿದುದರ ಬಗ್ಗೆ ಆ ಮಾತು ಹೇಳಲಾಗದು. ಇದನ್ನು ಬರೆಯುತ್ತಿರುವಾಗಲೇ, ಮೊಮ್ಮಗ ಮಲಗಿದ ತೊಡೆ ಬೆಚ್ಚಗಾಯಿತು. ಧೋತರ ತೊಯ್ದು, ನೀರು ಕಾಗದದ ಕಡೆಗೆ ಹೊರಟಿದೆ. ಸಾಹೇಬರು ನನ್ನನ್ನೇ ನೋಡಿ ನಗುತ್ತಿದ್ದಾರೆ. ಮಗಳು "ಅಪ್ಪಾ, ಕೂಸನ್ನ ಎತ್ತರಿ!" ಎಂದು ಓಡಿ ಬಂದರೆ, ಒಳಗಿನಿಂದ ನೀಲವ್ವನ ದನಿ ಕೇಳಿಸಿತು:

"ಇರ್ಲಿ ಬಿಡ ಶಾಂತಾ! ನೀರ ಬಂದ್ರ ಬರ್ಲಿ. ನಿಮ್ಮಪ್ಪನ ರೋಣ ತಾಲೂಕ ಬಾಯಿ ತಕ್ಕೊಂಡ ಕುಂತೈತಿ!"