ಅಡುಗೆಮನೆಗೆ ನುಗ್ಗುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಷ್ಟು ಹೋಟೆಲು ಕಂಡವರು ಬೆಂಗಳೂರಿನ ದಂಡಿನ ಕಡೆ ಇನ್ನೊಬ್ಬರಿಲ್ಲ. ಆದರೆ ಯಾವ ಹೋಟೆಲಿನಲ್ಲಿ ಏನು ರುಚಿ ಎಂದು ಮಾತ್ರ ಅವಳನ್ನು ಕೇಳಬೇಡಿ, ಗೊತ್ತಿಲ್ಲ! ಹೋಟೆಲಿಗೆ ಹೋದವರು ಕೂರಲು ಜಾಗ ಹುಡುಕುತ್ತಾರೆ. ಇವಳು ಹೊಗೆ ಬರುವ ಬಾಗಿಲು ಹುಡುಕುತ್ತಿದ್ದಳು. "ಕೂತಿರು, ಕೈ ತೊಳ್ಕೊಂಡ್ ಬರ್ತೀನಿ" ಎಂದು ಏಳುವಳು. ನಲ್ಲಿ ಎಡಕ್ಕಿದ್ದರೆ ಅವಳು ಬಲಕ್ಕೆ ನಡೆಯುವಳು. ಆಮೇಲೆ ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಒಂದು ಗಂಡುದನಿ, ಅದನ್ನು ಮೀರಿದ ಇವಳ ದನಿ. ಚಟ್ನಿಯಲ್ಲಿ ಅದ್ದಿದ ಇಡ್ಲಿ ನನ್ನ ಕೈಯಲ್ಲೇ ಉಳಿಯುತ್ತಿತ್ತು. ನುಂಗಲೇ? ಓಡಲೇ?

ಹಲಸೂರಿನ ಮಿಲಿಟರಿ ಹೋಟೆಲೊಂದರಲ್ಲಿ ಗಲ್ಲಾದ ಮೇಲಿದ್ದ ಯಜಮಾನರು ಅವಳ ಹಿಂದೆಯೇ ಓಡಿದರು. "ಅಮ್ಮಾ, ಅಡುಗೆಮನೇಗೆ ಲೇಡೀಸ್ ಬಿಡಲ್ಲ!"

"ನಿಮ್ಮನೇಲೂ ಬಿಡಲ್ವಾ? ಹಂಗಾದ್ರೆ ದಿನಾ ಮುದ್ದೆ ತಿರುವೋದು ನೀವೇನಾ?"

ಮುದ್ದೆ ಮುರಿಯುತ್ತಿದ್ದ ಹತ್ತು ಕೈಗಳು ಎಲೆಯ ಮೇಲೆ ನಿಂತವು. ಚಿಕ್ಕಮ್ಮ ಒಳಗಿದ್ದ ಮೂವರ ಮುಖವನ್ನೂ ನೋಡಿ, ಸಾರಿಗೆ ಉಪ್ಪು ಸಾಲದೆಂದು ಹೇಳಿ ಬಂದಳು.

ಶಿವಾಜಿನಗರದ ಸಮೋಸಾ ಅಂಗಡಿಯ ಕಥೆ ಬೇರೆ. ಬಾಣಲೆಗೆ ಬಗ್ಗಿದ್ದ ಮುದುಕರ ಮುಂದೆ ನಿಂತು, "ಸ್ವಲ್ಪ ತಲೆ ಎತ್ತಿ ಸಾಬ್ರೇ" ಎಂದಳು. ಅವರು ಟವೆಲಿನಿಂದ ಮುಖದ ಬೆವರೊರೆಸಿ, ಫೋಟೋಕ್ಕೆ ಕೂತವರಂತೆ ಗಲ್ಲವೆತ್ತಿ ತೋರಿಸಿದರು.

"ಪಸಂದ್ ಆಯಾ ಕ್ಯಾ ಅಮ್ಮಾ, ಒಪ್ಪಿಗೇನಾ?"

ಅಂಗಡಿಗೆ ಅಂಗಡಿಯೇ ನಕ್ಕಿತು. ಚಿಕ್ಕಮ್ಮನೂ ನಕ್ಕಳು. "ಪರವಾಗಿಲ್ಲ ಸಾಬ್ರೇ. ಆದ್ರೆ ನಮ್ಮನೆಯವ್ರಲ್ಲ."

ಅವಳು ಹುಡುಕುತ್ತಿದ್ದದ್ದು ಚಿಕ್ಕಪ್ಪನನ್ನು. ಹೋಟೆಲಿನ ಅಡುಗೆಯವರು. ನಾನಿನ್ನೂ ಚಿಕ್ಕವನಾಗಿದ್ದಾಗ, ಹೊಸ ಕಡೆ ಕೆಲಸ ಸಿಕ್ಕಿತೆಂದು ಒಂದು ಬೆಳಿಗ್ಗೆ ಮರ್ಫಿ ಟೌನಿನ ಮನೆಯಿಂದ ಹೊರಟವರು, ಯಾವ ಹೋಟೆಲೆಂದು ಹೇಳಲಿಲ್ಲ, ಮರಳಲಿಲ್ಲ. ಹಿಂದಿನ ದಿನ ಜಗಳವಾಗಿತ್ತೆಂದು ನನ್ನ ಅಮ್ಮ ಹೇಳುತ್ತಾಳೆ. ಇಲ್ಲವೆಂದು ಚಿಕ್ಕಮ್ಮ. ನನ್ನ ನೆನಪಿನಲ್ಲಿ ಅವರು ನೀಲಿ ಚೌಕಳಿಯ ಲುಂಗಿ ಉಟ್ಟಿದ್ದಾರೆ; ಅದು ನೆನಪೋ, ಆಮೇಲೆ ನಾನೇ ಉಡಿಸಿದ್ದೋ, ಪ್ರಮಾಣ ಮಾಡಲಾರೆ. ಎಲ್ಲರೂ ಒಪ್ಪುವುದು ಒಂದನ್ನೇ: ಅವರು ಎಡಚರು. ಸೌಟು, ಚಾಕು, ದೋಸೆ ಮಗುಚುವುದು, ಎಲ್ಲ ಎಡಗೈ.

ಅಷ್ಟರಲ್ಲಿ ಹೋಟೆಲುಗಳೇ ವೇಷ ಬದಲಿಸತೊಡಗಿದವು. ನಿಂತು ತಿನ್ನುವ ದರ್ಶಿನಿಗಳು ಬಂದಾಗ ಚಿಕ್ಕಮ್ಮನಿಗೆ ಹಬ್ಬ! ಒಲೆ ಕಣ್ಣೆದುರಿಗೇ, ಅರ್ಧ ಕಾಫಿಗೆ ಒಂದು ದರ್ಶಿನಿ ಮುಗಿಯುತ್ತಿತ್ತು. ಗೋಬಿ ಮಂಚೂರಿ ಗಾಡಿಗೆ ಅಡುಗೆಮನೆಯೇ ಇಲ್ಲವಲ್ಲ? ಗಾಡಿಯ ಕೆಳಗೆ ಬಗ್ಗಿ ನೋಡಿದಳು. ಹಗಲಲ್ಲೂ ಕತ್ತಲೆ ಮಾಡಿಟ್ಟ ಫ್ಯಾಮಿಲಿ ರೆಸ್ಟೋರೆಂಟಿಗೆ ಟಾರ್ಚ್ ತಂದಳು. ಅದರ ಬೆಳಕು ಮೊದಲು ಬಿದ್ದದ್ದು ಮೂಲೆಯಲ್ಲಿ ಕೈ ಹಿಡಿದು ಕೂತಿದ್ದ ಜೋಡಿಯ ಮೇಲೆ. ಪಾಪ, ಐಸ್‌ಕ್ರೀಮನ್ನೂ ಬಿಟ್ಟು ಓಡಿದರು!

ಆಟವೆಂದುಕೊಂಡಿದ್ದೆ, ಅವಳ ಮಗಳ ಮದುವೆ ಗೊತ್ತಾಗುವವರೆಗೆ. ಧಾರೆ ಎರೆಯುವವರು ಯಾರು? ನನ್ನ ಅಪ್ಪ ತಯಾರಿದ್ದರು. ಚಿಕ್ಕಮ್ಮ ಒಪ್ಪಲಿಲ್ಲ. "ಹೆತ್ತಪ್ಪ ಇದ್ದಾನಲ್ಲ!" ಲಗ್ನಪತ್ರಿಕೆಯಲ್ಲಿ ಅವರ ಹೆಸರನ್ನೇ ಅಚ್ಚು ಹಾಕಿಸಿದಳು. ಉಳಿದದ್ದು ಹತ್ತು ದಿನ. ಪತ್ರಿಕೆಗಳನ್ನು ಚೀಲಕ್ಕೆ ತುಂಬಿ, ನನ್ನ ಸ್ಕೂಟರಿನ ಹಿಂದೆ ಕೂತಳು. ಹೊಸ ತಿಪ್ಪಸಂದ್ರ, ಕಗ್ಗದಾಸಪುರ, ಕೆ.ಆರ್. ಪುರ ಸುತ್ತಿದೆವು; ಮೊದಲೇ ನೋಡಿದ್ದ ಹಳೆಯ ಹೋಟೆಲುಗಳನ್ನೂ ಬಿಡಲಿಲ್ಲ. ಪ್ರತಿ ಅಡುಗೆಮನೆಯಲ್ಲೂ ಅದೇ ಮಾತು: "ಈ ಹೆಸರಿನವ್ರು ಎಲ್ಲಾದ್ರೂ ಸಿಕ್ರೆ ಕೊಡಿ. ಸಿಗದಿದ್ರೆ ನೀವಾದ್ರೂ ಬನ್ನಿ."

ಮದುವೆಯ ಹಿಂದಿನ ದಿನ ಉಳಿದಿದ್ದದ್ದು ಇಂದಿರಾನಗರದ ಒಂದು ಹೊಸ ರೆಸ್ಟೋರೆಂಟು. ಅಲ್ಲಿ ಅಡುಗೆಮನೆಗೆ ಗೋಡೆಯೇ ಇಲ್ಲ, ಗಾಜು! ಒಳಗೆ ಎಂಟು ಜನ. ಎಲ್ಲರಿಗೂ ಬಿಳಿ ಟೋಪಿ, ಬಾಯಿಗೆ ಬಟ್ಟೆ. ನುಗ್ಗುವ ಅಗತ್ಯವೇ ಇಲ್ಲ, ನೋಡಿದರಾಯಿತು. ಚಿಕ್ಕಮ್ಮ ನೋಡಲಿಲ್ಲ. ಗಾಜಿಗೆ ಬೆನ್ನು ಹಾಕಿ, ಜೀವಮಾನದಲ್ಲಿ ಮೊದಲ ಸಲ, ಹೋಟೆಲಿನ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ನೀನೇ ನೋಡೋ. ನನ್ ಕೈಲಾಗಲ್ಲ."

ನೋಡಿದೆ. ಬಲಗೈ, ಬಲಗೈ, ಬಲಗೈ. ಕೊನೆಯ ಒಲೆಯ ಹತ್ತಿರ ಒಬ್ಬ ಬಾಣಲೆಯನ್ನು ಎಡಗೈಯಲ್ಲಿ ಎತ್ತಿ ಕುಲುಕಿದ.

"ಎಡಗೈ ಯಾರಾದ್ರೂ ಇದ್ದಾರಾ?"

ಸುಳ್ಳು ಹೇಳಲು ಬಾಯಿ ತೆರೆದೆ. "ಒಬ್ರಿದ್ದಾರೆ" ಎಂದಿತು ಬಾಯಿ.

ನಾನೆದ್ದು ಗಾಜು ತಟ್ಟಿದೆ. "ಸಾರ್, ಟಚ್ ಮಾಡ್ಬೇಡಿ ಸಾರ್!" ಎಂದು ಮ್ಯಾನೇಜರು ಓಡಿ ಬಂದರು. ಇನ್ನೊಮ್ಮೆ ತಟ್ಟಿದೆ. ಒಲೆಯವನು ತಿರುಗಿ, ಏನು ಎಂಬಂತೆ ಬಾಯಿಯ ಬಟ್ಟೆ ಕೆಳಗೆಳೆದ.

ನನ್ನದೇ ವಯಸ್ಸು.

ಹೇಗೆ ಹೇಳಲಿ ಎಂದು ತಿರುಗಿದರೆ, ಚಿಕ್ಕಮ್ಮ ಮೇಜಿನ ಮೇಲಿನ ಸ್ಟೀಲ್ ಜಗ್ಗನ್ನೇ ನೋಡುತ್ತಿದ್ದಳು. ಅದರ ಹೊಟ್ಟೆಯಲ್ಲಿ ಗಾಜು, ಒಲೆ, ಅವನ ಮುಖ, ಎಲ್ಲ ಬಾಗಿಕೊಂಡು ಕಾಣುತ್ತಿದ್ದವು.

"ನಮ್ಮನೆಯವ್ರಲ್ಲ" ಎಂದಳು. ಆಮೇಲೆ ಚೀಲದಿಂದ ಪತ್ರಿಕೆ ತೆಗೆದು ಮ್ಯಾನೇಜರಿಗೆ ಕೊಟ್ಟಳು. "ಆ ಎಡಗೈಯವ್ರಿಗೆ ಕೊಡಿ. ನಾಳೆ ಖಂಡಿತ ಬರ್ಬೇಕು ಅನ್ನಿ."

ಧಾರೆ ನನ್ನ ಅಪ್ಪನೇ ಎರೆದರು. ಚಿಕ್ಕಮ್ಮ ಕಂಬದ ಪಕ್ಕ ನಿಂತು ಬಾಗಿಲ ಕಡೆ ನೋಡುತ್ತಿದ್ದಳು. ಮಧ್ಯಾಹ್ನ ಮೂರರ ಮೇಲೆ, ತಮ್ಮ ತಮ್ಮ ಹೋಟೆಲಿನ ಊಟದ ಹೊತ್ತು ಮುಗಿಸಿಕೊಂಡು, ಪತ್ರಿಕೆ ಪಡೆದ ಅಡುಗೆಯವರು ಬಂದರು: ಹಲಸೂರಿನವರು, ಶಿವಾಜಿನಗರದ ಸಾಬರು, ಗಾಜಿನೊಳಗಿನ ಎಡಗೈ. ಏಳು ಜನ ಇದ್ದರೆಂದು ನನ್ನ ನೆನಪು. ಫೋಟೋದಲ್ಲಿ ನಾಲ್ವರೇ ಇದ್ದಾರೆ. ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಎಲೆಯ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದರು. ಚಿಕ್ಕಮ್ಮ ತಾನೇ ಬಡಿಸಿದಳು. ಅನ್ನ ಖಾಲಿಯಾದಾಗ ಸಾಬರು, ಅಭ್ಯಾಸಬಲ, ಅಡುಗೆಮನೆಯ ಕಡೆಗೆ ಎದ್ದರು.

ಅವಳು ಭುಜ ಹಿಡಿದು ಕೂರಿಸಿದಳು.

"ಕೂತ್ಕೊಳ್ಳಿ ಸಾಬ್ರೇ. ಇವತ್ತು ನೀವೂ ಒಳಗೆ ಹೋಗ್ಬೇಡಿ, ನಾನೂ ಹೋಗಲ್ಲ."