ನೆಸ್ತೊರಿಯ ಬಂಡೆ

ಆರ್ಮಾಸನ ಅಡುಗೆಮನೆಯ ಮೇಜು ಚಿಕ್ಕದು, ಇನಾರಿ ಸರೋವರ ದೊಡ್ಡದು. ಆ ಶನಿವಾರ ನಡೆದ ಅನರ್ಥಕ್ಕೆಲ್ಲ ಇದೇ ಮೂಲ. ನಕ್ಷೆಯನ್ನು ಮೇಜಿನ ಮೇಲೆ ಹರಡಿದರೆ ಸರೋವರದ ಉತ್ತರ ದಡ ಬೆಣ್ಣೆಯಲ್ಲಿ ಮುಳುಗುತ್ತಿತ್ತು, ದಕ್ಷಿಣ ದಡ ನೆಲಕ್ಕೆ ಜೋತುಬೀಳುತ್ತಿತ್ತು. ಹೆಂಡತಿ ಹಿಲ್ಕಾ ಗದರಿದ ಮೇಲೆ ಅವನು ನಕ್ಷೆ ಎತ್ತಿಕೊಂಡು ಕೆಳಗಿಳಿದು, ಅಂಗಳದ ಮರದಡಿಯ ಉದ್ದ ಮೇಜಿನ ಮೇಲೆ ಬಿಡಿಸಿದ. ಇಪ್ಪತ್ತನಾಲ್ಕು ಮನೆಗಳ ಕಿಟಕಿಗಳು ಆ ಮೇಜಿಗೇ ಮುಖಮಾಡಿವೆ ಎಂಬುದು ಪಾಪ ಅವನಿಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಅವನು, ಹಿಲ್ಕಾ ಮತ್ತು ಅವನ ಅಪ್ಪ ನೆಸ್ತೊರಿ ಮೀನು ಹಿಡಿಯಲು ಹೊರಡುವವರಿದ್ದರು. ನೆಸ್ತೊರಿ ಎಂದರೆ ರೊವಾನಿಯೆಮಿ ಊರಿನ ನಮ್ಮ ಬೀದಿಯಲ್ಲಿ ಸಾಮಾನ್ಯ ಹೆಸರಲ್ಲ. ನಲವತ್ತು ವರ್ಷ, ಪ್ರತಿ ಜುಲೈಯಲ್ಲಿ, ಹೆಂಡತಿ ಔನೆಯನ್ನು ಕರೆದುಕೊಂಡು ಇನಾರಿಗೆ ಹೋಗಿ, ನಾಲ್ಕನೇ ದಿನ ತೋಳುದ್ದದ ಎರಡು ಟ್ರೌಟ್ ಮೀನು ತಂದವನು. ಒಂದು ವರ್ಷವೂ ತಪ್ಪಿದ್ದಿಲ್ಲ. ಕಟ್ಟಡದವರು ತಿಂದು ಬೆರಳು ಚೀಪಿಕೊಂಡು, ಎಲ್ಲಿ ಹಿಡಿದೆ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ. ನಮ್ಮ ಕಡೆಯ ಮನುಷ್ಯ ತನ್ನ ಕಾಯಿಲೆ ಹೇಳಿಯಾನು, ಹೆಂಡತಿಯ ಜೊತೆಗಿನ ಜಗಳ ಹೇಳಿಯಾನು, ಮೀನು ಸಿಗುವ ಜಾಗ ಮಾತ್ರ ಹೇಳಲಾರ. ಅದನ್ನು ಯಾರೂ ತಪ್ಪೆಂದು ತಿಳಿಯುವುದಿಲ್ಲ.

ಆದರೆ ಸ್ವಂತ ಮಗನಿಗೂ ಹೇಳಬಾರದೆ? ಆರ್ಮಾಸನಿಗೆ ಇದು ಏಳನೇ ವಯಸ್ಸಿನಿಂದ ನೆಟ್ಟ ಮುಳ್ಳು. ಪ್ರತಿ ಜುಲೈಯಲ್ಲೂ ಅವನನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಅಪ್ಪ ಅಮ್ಮ ಹೋಗುತ್ತಿದ್ದರು. "ಎಲ್ಲಪ್ಪ ಆ ಜಾಗ?" ಎಂದರೆ ಒಂದೇ ಉತ್ತರ: "ಕಾಲ ಬಂದಾಗ ಹೇಳ್ತೀನಿ." ಈಗ ಆರ್ಮಾಸನಿಗೆ ನಲವತ್ತೇಳು. ಅಮ್ಮ ಹೋಗಿ ಆರು ವರ್ಷ; ಅಂದಿನಿಂದ ಅಪ್ಪ ಇನಾರಿಯ ಕಡೆ ಹೋಗಿಲ್ಲ. ಅಪ್ಪ ಮೊನ್ನೆ ಕಾಫಿ ಕೆಟಲನ್ನು ಬಟ್ಟೆ ಬೀರುವಿನಲ್ಲಿಟ್ಟು ದಿನವಿಡೀ ಹುಡುಕಿದ್ದ. ಇನ್ನೊಂದು ವರ್ಷ ಹೋದರೆ ಆ ಜಾಗವೂ ಯಾವ ಬೀರು ಸೇರುತ್ತದೋ. ಅಪ್ಪ ಈ ಸಲ ತಾನಾಗಿ "ನೀವೂ ಬನ್ನಿ" ಎಂದಾಗ ಆರ್ಮಾಸ್ ಅಂದೇ ಹೋಗಿ ಈ ನಕ್ಷೆ ಕೊಂಡು ತಂದಿದ್ದ. ಅವನಿಗೆ ಮೀನು ಬೇಕಿರಲಿಲ್ಲ. ಅಪ್ಪ ತನ್ನನ್ನು ನಂಬಿ ಆ ಗುಟ್ಟು ಕೈಗಿಡಬೇಕಿತ್ತು, ಅಷ್ಟೇ.

"ಏನೋ ಅದು, ನಕ್ಷೆ?"

ತಲೆ ಎತ್ತಿದರೆ ಕೈಸು. ಕಟ್ಟಡದ ಸಂಘದ ಅಧ್ಯಕ್ಷೆ. ಆರ್ಮಾಸನಿಗೆ ಮೂರನೇ ತರಗತಿಯಲ್ಲಿ ಪಾಠ ಮಾಡಿದವಳು. ಅವಳನ್ನು ಕಂಡರೆ ಅವನಿಗೆ ಇಂದಿಗೂ ಉಗುರು ತೋರಿಸಬೇಕು ಅನ್ನಿಸುತ್ತದೆ.

"ಏನಿಲ್ಲ ಟೀಚರ್. ಸುಮ್ಮನೆ ಮಿಯೆಕೊಯಾರ್ವಿ ಕೆರೆ ಕಡೆ ಹೋಗೋಣ ಅಂತ." ಹೇಳುತ್ತಲೇ ನಕ್ಷೆಯ ಮೇಲೆ ದಪ್ಪಕ್ಷರದಲ್ಲಿದ್ದ 'ಇನಾರಿ'ಯನ್ನು ಮೊಣಕೈಯಲ್ಲಿ ಮುಚ್ಚಿದ.

"ಸುಳ್ಳು ಹೇಳುವಾಗ ನಿನ್ನ ಎಡಗಿವಿ ಕೆಂಪಗಾಗುತ್ತೆ. ಆಗಲೂ ಹಾಗೇ ಆಗ್ತಿತ್ತು."

ಆರ್ಮಾಸ್ ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಂಡ. ಅಷ್ಟರಲ್ಲಿ ಎರಡನೇ ಮಹಡಿಯ ರೈಮೊ ಬಂದ. ನಿವೃತ್ತ ಲಾರಿ ಡ್ರೈವರ್. ದೋಣಿಯಿದೆ, ನೀರಿನಡಿಯ ಮೀನು ತೋರಿಸುವ ಯಂತ್ರವಿದೆ, ಹತ್ತು ಬಗೆಯ ಗಾಳಗಳಿವೆ, ಇಲ್ಲದಿರುವುದು ಮೀನೊಂದೇ.

"ಮಿಯೆಕೊಯಾರ್ವಿನಾ? ಈಗ ತಾನೇ ಬಟ್ಟೆ ಒಗೆಯೋ ಕೋಣೇಲಿ ನಿನ್ನ ಹೆಂಡ್ತಿ ಕೆಮಿಯಾರ್ವಿ ಅಂದ್ಲಲ್ಲೋ?"

"ಎರಡಕ್ಕೂ ಹೋಗ್ತೀವಿ."

"ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ! ದೋಣಿ ಅರ್ಧ ಮಾಡ್ಕೊಂಡು ಹೋಗ್ತೀರಾ?"

"ಬಿಡು ರೈಮೊ," ಎಂದಳು ಕೈಸು. "ಎಲ್ಲಾದರೂ ಹೋಗಲಿ. ನಾಳೆ ಅಲ್ಲ, ಮುಂದಿನ ಭಾನುವಾರ ನಾವೆಲ್ಲ ಸೇರಿ ಅಂಗಳ ಗುಡಿಸೋ ದಿನ. ಊಟಕ್ಕೆ ಮೀನಿನ ಸೂಪು ಆರ್ಮಾಸನದು. ಏನೋ, ತರ್ತೀಯಾ ತಾನೇ? ಅಪ್ಪನ ಹಾಗೆ?"

ಅವರನ್ನು ಸಾಗಹಾಕಿದರೆ ಸಾಕು ಎನ್ನುವಂತಾಗಿದ್ದ ಆರ್ಮಾಸ್ "ತರ್ತೀನಿ ಟೀಚರ್" ಎಂದುಬಿಟ್ಟ. ಹತ್ತೇ ನಿಮಿಷದಲ್ಲಿ ಸುದ್ದಿ ಇಪ್ಪತ್ತನಾಲ್ಕು ಮನೆಗೂ ಮುಟ್ಟಿತು. ಗಂಡ ಒಂದು ಕೆರೆ, ಹೆಂಡತಿ ಇನ್ನೊಂದು ಕೆರೆ ಹೇಳುತ್ತಾರೆಂದರೆ ಮುದುಕ ಕೊನೆಗೂ ತನ್ನ ಜಾಗ ಬಿಟ್ಟುಕೊಡುತ್ತಿದ್ದಾನೆಂದೇ ಅರ್ಥ. ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಬಿಸಿ ಬ್ರೆಡ್ಡು ತಂದುಕೊಟ್ಟಳು, ಮತ್ತೊಬ್ಬ ಟಾರ್ಚು ಬೇಕೇ ಎಂದ; ಕತ್ತಲೇ ಆಗದ ಜುಲೈಯಲ್ಲಿ ಟಾರ್ಚು ಯಾತಕ್ಕೋ. ಎಲ್ಲರ ಕಣ್ಣೂ ನಕ್ಷೆಯ ಮೇಲೇ. ಆರ್ಮಾಸ್ ಅದನ್ನು ಮಡಚಿ ಮತ್ತೆ ಅಡುಗೆಮನೆಗೇ ಒಯ್ದ.

"ಇವತ್ತು ಸೌನಾದಲ್ಲಿ ಕೇಳಿಬಿಡು," ಎಂದಳು ಹಿಲ್ಕಾ. "ಅಲ್ಲಿ ಕೂತು ಮಾವ ಯಾವತ್ತೂ ಸುಳ್ಳು ಹೇಳಿದೋರಲ್ಲ."

ನಿಜ. ಕಾದ ಕಲ್ಲಿಗೆ ನೀರೆರೆದು, ಬರಿಮೈಯಲ್ಲಿ ಹಬೆಯೊಳಗೆ ಕೂತ ಮೇಲೆ ಸುಳ್ಳು ಹೇಳುವುದು ನಮ್ಮಲ್ಲಿ ಇಲ್ಲ. ನೆಲಮಾಳಿಗೆಯ ಸೌನಾದಲ್ಲಿ ಶನಿವಾರ ಐದರಿಂದ ಆರು ಆರ್ಮಾಸನ ಮನೆಯ ಸರದಿ. ಅಪ್ಪ ಮಗ ಮೇಲಿನ ಹಲಗೆ ಹತ್ತಿ ಕೂತರು. ಬಿಸಿಗೆ ಕೆಡುತ್ತದೆಂದು ನೆಸ್ತೊರಿ ಕಿವಿಯ ಯಂತ್ರ ತೆಗೆದು ಮನೆಯಲ್ಲೇ ಇಟ್ಟು ಬಂದಿದ್ದ.

"ಅಪ್ಪ, ಆ ಜಾಗ ಎಲ್ಲಿ?"

"ಹಾಂ?"

"ಜಾಗ! ಮೀನಿನ ಜಾಗ! ನಂಗೆ ಹೇಳಲ್ವಾ?"

ನೆಸ್ತೊರಿ ಕಲ್ಲಿಗೆ ಒಂದು ಸೌಟು ನೀರೆರೆದ. ಹಬೆ ಏರಿತು. ಮಗನ ಮೊಣಕಾಲ ಮೇಲೆ ಕೈಯಿಟ್ಟ.

"ಕಾಲ ಬಂತು ಅನ್ಸುತ್ತೆ ಕಣೋ. ಸುಟ್ಟ ಪೈನ್ ಮರದ ದ್ವೀಪ ಗೊತ್ತಲ್ಲ, ಅದರ ಬೆನ್ನಿಗೆ ಹೋಗು. ಎರಡಾಗಿ ಸೀಳಿದ ಚಪ್ಪಟೆ ಬಂಡೆ. ಅದೇ."

"ಸುಟ್ಟ ಪೈನ್ ದ್ವೀಪದ ಹಿಂದೆ?" ಆರ್ಮಾಸ್ ಕಿರುಚಿದ. ನಲವತ್ತು ವರ್ಷ ಕಾದ ವಿಷಯದಲ್ಲಿ ಒಂದಕ್ಷರ ತಪ್ಪಬಾರದಲ್ಲ. "ಎರಡಾಗಿ ಸೀಳಿದ ಬಂಡೆ! ಇನಾರೀಲಿ! ಸರೀನಾ?"

"ಸರಿ, ಸರಿ," ಎಂದು ಅಪ್ಪ ತಲೆಯಾಡಿಸಿದ. ಆರ್ಮಾಸನ ಕಣ್ಣಲ್ಲಿ ನೀರು ಬಂತು. ಬೆವರಿನಲ್ಲಿ ಅದು ಕಾಣಲಿಲ್ಲ, ಒಳ್ಳೆಯದೇ ಆಯಿತು.

ಆರೂವರೆಗೆ, ಮಿಂದು ಹಗುರಾಗಿ, ಮನುಷ್ಯನಿಗೆ ಇನ್ನೇನು ಬೇಕು ಅಂದುಕೊಳ್ಳುತ್ತ ಅವನು ಅಂಗಳಕ್ಕೆ ಬಂದ. ರೈಮೊ ಕಾರಿಗೆ ದೋಣಿ ಕಟ್ಟುತ್ತಿದ್ದ. ಅವನ ಹಿಂದೆ ಇನ್ನೂ ಮೂರು ಕಾರು, ಮೂರು ದೋಣಿ. ಕೈಸು ರಬ್ಬರ್ ಬೂಟು ಹಾಕಿಕೊಂಡು ರೈಮೊನ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಎಲ್ಲಿಗೆ ಹೊರಟ್ರಿ?"

"ಇನಾರಿಗೆ," ಎಂದ ರೈಮೊ. "ಸುಟ್ಟ ಪೈನ್ ದ್ವೀಪದ ಹಿಂದೆ ಏನೋ ಬಂಡೆ ಇದೆಯಂತೆ."

"ನಿಂಗ್ಯಾರು ಹೇಳಿದ್ದು?"

"ನೀನೇ! ಸೌನಾದ ಗಾಳಿ ಕೊಳವೆ ನಮ್ಮೆಲ್ಲರ ಬಚ್ಚಲು ದಾಟಿ ತಾನೇ ಮೇಲೆ ಹೋಗೋದು? ಮುಖಕ್ಷೌರ ಮಾಡ್ಕೋತಿದ್ದೆ. ರೇಡಿಯೋ ವಾರ್ತೆ ಥರ ಕೇಳ್ತು. ಎರಡು ಸಲ ಹೇಳಿದ್ದಕ್ಕೆ ಥ್ಯಾಂಕ್ಸು."

ನಾಲ್ಕು ದೋಣಿಗಳು ಸಾಲಾಗಿ ಉತ್ತರದ ರಸ್ತೆ ಹಿಡಿದವು. ಆರ್ಮಾಸ್ ಮೆಟ್ಟಿಲು ಹತ್ತಿ ಅಡುಗೆಮನೆಯಲ್ಲಿ ಕುಸಿದು ಕೂತ. ಅಪ್ಪ ನಲವತ್ತು ವರ್ಷ ಕಾಪಾಡಿದ್ದನ್ನು ತಾನು ಒಂದೂವರೆ ಗಂಟೆಯೂ ಕಾಪಾಡಲಿಲ್ಲ. ಕಿವಿಯ ಯಂತ್ರ ಸಿಕ್ಕಿಸಿಕೊಂಡು ಕಾಫಿ ಹೀರುತ್ತಿದ್ದ ನೆಸ್ತೊರಿಗೆ ಎಲ್ಲವನ್ನೂ ಹೇಳಿ, ಬೈಗುಳ ತಿನ್ನಲು ತಲೆ ತಗ್ಗಿಸಿದ.

ನೆಸ್ತೊರಿ ಬೈಯಲಿಲ್ಲ. ಹೆಗಲು ಕುಣಿಯುವಂತೆ ನಗತೊಡಗಿದ.

"ನಾಲ್ಕು ದೋಣಿ! ಅಯ್ಯೋ ಪಾಪ. ಅಲ್ಲಿ ಒಂದು ಮೀನೂ ಇಲ್ಲ ಕಣೋ."

"ಅಂದ್ರೆ ನನಗೂ ಸುಳ್ಳು ಹೇಳಿದ್ಯಾ ಅಪ್ಪ? ಸೌನಾದಲ್ಲಿ?"

"ಸುಳ್ಳಲ್ಲ. ಜಾಗ ಅದೇ. ಮೀನು ಮಾತ್ರ ಇಲ್ಲ. ಯಾವತ್ತೂ ಇರಲಿಲ್ಲ. ಅದಕ್ಕೇ ಆ ಕಡೆ ಯಾರೂ ಬರ್ತಿರಲಿಲ್ಲ." ಅವನು ಲೋಟ ಕೆಳಗಿಟ್ಟ. "ನಿಮ್ಮಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಆ ಬಂಡೆ ಮೇಲೆ ಕೂತಿರ್ತಿದ್ಲು. ನಾನು ಕಾಫಿ ಕಾಯಿಸ್ತಿದ್ದೆ. ನಾಲ್ಕು ದಿನದಲ್ಲಿ ನಾಲ್ಕು ಮಾತು ಆಡ್ತಿದ್ವೋ ಇಲ್ವೋ. ವರ್ಷಕ್ಕೆ ಅಷ್ಟು ಸಾಕಾಗ್ತಿತ್ತು."

ಆರ್ಮಾಸನಿಗೆ ಅತ್ತೆಯ ಮನೆಯ ಜುಲೈಗಳು ನೆನಪಾದವು. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಮತ್ತೆ ಆ ಟ್ರೌಟು?"

"ಮೊದಲನೇ ವರ್ಷ ಬರಿಗೈಲಿ ಬರೋಕೆ ನಾಚಿಕೆ ಆಯ್ತು, ದುಡ್ಡು ಕೊಟ್ಟು ತಗೊಂಡು ಬಂದ್ವಿ. ಎರಡನೇ ವರ್ಷ, ಮೊದಲನೇ ವರ್ಷದ್ದು ಹೇಳೋಕೆ ನಾಚಿಕೆ. ಹಾಗೇ ನಲವತ್ತಾಯ್ತು ನೋಡು." ನೆಸ್ತೊರಿ ಮಗನ ಕೈ ತಟ್ಟಿದ. "ಯೋಚನೆ ಬೇಡ, ನಾಳೆ ಹೊರಡೋಣ. ಅವರು ಎರಡು ದಿನ ಗಾಳ ಹಾಕಿ, ನಿನ್ನ ಬೈಕೊಂಡು ವಾಪಸ್ ಬರ್ತಾರೆ. ಆಮೇಲೆ ಬಂಡೆ ನಮ್ಮದೇ. ನನಗೆ ಅದನ್ನ ಇನ್ನೊಂದು ಸಲ ನೋಡಿದ್ರೆ ಸಾಕು."

ಬೈಕೊಂಡು ಬರುತ್ತಾರೆ ಎಂಬುದು ಆರ್ಮಾಸನ ತಲೆಗೆ ನಿಧಾನವಾಗಿ ಇಳಿಯಿತು. ಬೇಕೆಂದೇ ಸೌನಾದಲ್ಲಿ ಕಿರುಚಿ ಇಡೀ ಕಟ್ಟಡಕ್ಕೆ ಟೋಪಿ ಹಾಕಿದವನು ಎಂದು ಬದುಕಿಡೀ ಹೇಳುತ್ತಾರೆ. ಅಲ್ಲಿ ಕೇಳಿದ್ದೆಲ್ಲ ಅಪ್ಪಟ ನಿಜವೆಂದರೆ ಒಬ್ಬರೂ ನಂಬರು. ಅಷ್ಟಾಗಿ, ಮುಂದಿನ ಭಾನುವಾರ ಅದೇ ಜನಕ್ಕೆ ಅವನು ಮೀನಿನ ಸೂಪು ಬಡಿಸಬೇಕು. ಬಾಗಿಲ ಹೊರಗೆ ಕೈಸು ಹೋಗುವ ಮುಂಚೆ ಇಟ್ಟುಹೋದ ಪಾತ್ರೆಯಿತ್ತು. ಕರುವೊಂದು ಸ್ನಾನ ಮಾಡುವಷ್ಟು ದೊಡ್ಡದು.

"ಮೀನಿಗೇನು ಮಾಡ್ಲಿ ಅಪ್ಪ?"

ನೆಸ್ತೊರಿ ನಕ್ಷೆಯನ್ನು ಹತ್ತಿರಕ್ಕೆಳೆದು, ಬೆಣ್ಣೆ ಡಬ್ಬಿ ಸರಿಸಿ, ಪೆನ್ಸಿಲ್ ಕೇಳಿದ. ಜೀವಮಾನದಲ್ಲಿ ಮೊದಲ ಬಾರಿಗೆ ಮಗನ ಕಣ್ಣೆದುರು ಒಂದು ಪುಟ್ಟ ಗುರುತು ಹಾಕಿದ. ಅದು ನೀರಿನ ಮೇಲಿರಲಿಲ್ಲ. ದಡದ ಹಳ್ಳಿಯಲ್ಲಿ, ಪೆಟ್ರೋಲ್ ಬಂಕಿನ ಹಿಂದಿನ ಓಣಿಯಲ್ಲಿ, ಮೂರನೇ ಮನೆಯ ಮೇಲಿತ್ತು.

"ಹಿಂಬಾಗಿಲು ತಟ್ಟು. ನೆಸ್ತೊರಿ ಮಗ ಅನ್ನು ಸಾಕು. ನಮಗೆ ಮೀನು ಮಾರ್ತಿದ್ದವನ ಮಗ ಈಗ ಅಂಗಡಿ ನೋಡ್ಕೋತಾನೆ. ಬಾಯಲ್ಲಿ ಗಾಳದ ತೂತು ಅವರೇ ಮಾಡಿಕೊಡ್ತಾರೆ."

ಆರ್ಮಾಸ್ ಆ ಗುರುತನ್ನೇ ನೋಡುತ್ತ ಕೂತ. ಬಟ್ಟೆ ಮಡಚಿಟ್ಟು ಹಿಲ್ಕಾ ಒಳಗೆ ಬಂದಾಗ ಅವನ ಮೊಣಕೈ ತಾನಾಗಿಯೇ ನಕ್ಷೆಯ ಮೇಲೆ ಬಂತು.

"ಮಾವ ಕೊನೆಗೂ ಗುರುತು ಹಾಕಿದ್ರಾ? ಎಲ್ಲಿ, ತೋರಿಸು."

ಆರ್ಮಾಸ್ ಅಪ್ಪನ ಮುಖ ನೋಡಿದ. ನೆಸ್ತೊರಿ ಮೆಲ್ಲಗೆ ಕಿವಿಯ ಯಂತ್ರ ತೆಗೆದು ಜೇಬಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದ.

"ಕಾಲ ಬಂದಾಗ ಹೇಳ್ತೀನಿ," ಎಂದ ಆರ್ಮಾಸ್. ಅವನ ಎಡಗಿವಿ ಕೆಂಪಗಾಗಿತ್ತು.